1857ರ ಅಧಿಕಾರಿಯ ಕೈಯಲ್ಲಿ 1887ರ ರಿವಾಲ್ವರ್

ಮಾನ್ಯರೇ,

ತಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. 1857ರ ದಂಗೆಯನ್ನು ಕುರಿತ ಧಾರಾವಾಹಿಯೊಂದರಲ್ಲಿ ಕಂಪನಿಯ ಅಧಿಕಾರಿಯೊಬ್ಬ ಒಂದರ ಹಿಂದೊಂದು ಆರು ಗುಂಡು ಹಾರಿಸಿ, ರಿವಾಲ್ವರನ್ನು ನಡುವಿಗೆ ಮಡಿಚಿ, ಹಾರಿಸಿದ ತೋಟಾಗಳ ಹಿತ್ತಾಳೆಯ ಚಿಪ್ಪುಗಳನ್ನು ನೆಲಕ್ಕೆ ಉದುರಿಸಿದ್ದನ್ನು ಕಂಡು, ಆ ಕಾಲದಲ್ಲಿ ರಿವಾಲ್ವರ್ ಇತ್ತೇ ಎಂದು ಕೇಳಿದ್ದೀರಿ. ತೆರೆಯ ಮೇಲೆ ಕಾಣುವ ಹಳೆಯ ಪಿಸ್ತೂಲುಗಳು ಅಸಲಿಯವೇ ಎಂಬುದು ಎರಡನೆಯದು. ಮನೆಯ ಅಟ್ಟದಲ್ಲಿರುವ ಅಜ್ಜನ ಕಾಲದ ಕೇಪಿನ (ಬಡಿದರೆ ಕಿಡಿ ಸಿಡಿಸುವ ಪುಟ್ಟ ಲೋಹದ ಟೊಪ್ಪಿಯ) ಪಿಸ್ತೂಲನ್ನು ಊರಿನ ನಾಟಕ ತಂಡ ಕೇಳುತ್ತಿದೆ, ಕೊಡಬಹುದೇ ಎಂಬುದು ಮೂರನೆಯದು.

ಮೊದಲನೆಯದರಲ್ಲಿ ತಾವು ಅರ್ಧ ಸರಿ, ಧಾರಾವಾಹಿಯವರೂ ಅರ್ಧ ಸರಿ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. 1851ರ ಲಂಡನ್ ಮಹಾ ವಸ್ತುಪ್ರದರ್ಶನದಲ್ಲಿ ಅವನ ಸರಕಿಗೆ ಎದುರಾಗಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸನ ಐದು ಗುಂಡಿನ ರಿವಾಲ್ವರೂ ಇತ್ತು. ಆದ್ದರಿಂದ 1857ರ ಅಧಿಕಾರಿಯ ಸೊಂಟದಲ್ಲಿ ರಿವಾಲ್ವರ್ ಇದ್ದರೆ ಅಚ್ಚರಿಯಿಲ್ಲ. ತಪ್ಪಿರುವುದು ಹಿತ್ತಾಳೆಯ ತೋಟಾದಲ್ಲಿ. ಅಂದಿನ ಈ ರಿವಾಲ್ವರುಗಳ ತಿರುಗುವ ಉರುಳೆಯಲ್ಲಿನ ಪ್ರತಿಯೊಂದು ಗೂಡಿಗೂ ಮದ್ದು ತುಂಬಿ, ಮೇಲೆ ಸೀಸದ ಗುಂಡನ್ನು ಅದುಮಿ, ಹಿಂಬದಿಗೆ ಒಂದೊಂದು ಕೇಪು ಸಿಕ್ಕಿಸಬೇಕಿತ್ತು. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಈಡು ತುಂಬುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅದೇ ಕೆಲಸವನ್ನು ಆರು ಸಲ ಮಾಡಬೇಕೆಂದರೆ ಕುದುರೆಯ ಮೇಲೆ ಕುಳಿತವನ ಪಾಡು ಏನಾಗಿರಬೇಕೆಂದು ಊಹಿಸಬಹುದು. ತಾವು ವರ್ಣಿಸಿದಂತೆ ನಡುವಿಗೆ ಮಡಿಚಿಕೊಂಡು ಹಾರಿಸಿದ ತೋಟಾಗಳ ಚಿಪ್ಪುಗಳನ್ನು ಒಟ್ಟಿಗೆ ಹೊರಚೆಲ್ಲುವುದು ಬಹುಮಟ್ಟಿಗೆ ವೆಬ್ಲಿ ರಿವಾಲ್ವರೇ ಇರಬೇಕು. ಬ್ರಿಟಿಷ್ ಸೇನೆ ಅದನ್ನು ಸ್ವೀಕರಿಸಿದ್ದು 1887ರಲ್ಲಿ, ಅಂದರೆ ದಂಗೆ ಅಡಗಿ ಸುಮಾರು ಮೂವತ್ತು ವರ್ಷಗಳ ಮೇಲೆ.

ಇಂಥ ತಪ್ಪು ಅಜ್ಞಾನದಿಂದಲೇ ಆಗುತ್ತದೆಂದು ತಿಳಿಯಬೇಡಿ. ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆಯ 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರದ ಕಥೆ ನಡೆಯುವುದು ಅಮೆರಿಕದ ಅಂತರ್ಯುದ್ಧದ ನಡುವೆ. ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿರುವುದು 1851ರ ಮಾದರಿಯ ಕೋಲ್ಟ್. ಆದರೆ ಅದು ಲೋಹದ ತೋಟಾ ಹಾಕುವಂತೆ ಮಾರ್ಪಡಿಸಿದ್ದು, ಅಂಥ ಮಾರ್ಪಾಡು ರೂಢಿಗೆ ಬಂದದ್ದು ಯುದ್ಧ ಮುಗಿದ ಮೇಲೆ, 1870ರ ದಶಕದಲ್ಲಿ. ಒಂದೇ ದೃಶ್ಯವನ್ನು ಹತ್ತು ಸಲ ತೆಗೆಯುವಾಗ ಹತ್ತು ಸಲವೂ ಮದ್ದು ಗಿಡಿಯುತ್ತ ಕುಳಿತರೆ ಬೆಳಕು ಇಳಿದುಹೋಗುತ್ತದೆ, ತೋಟಾವಾದರೆ ಕ್ಷಣದ ಕೆಲಸ. ಇಟಲಿಯ ಬ್ರೆಷಾ ಬಳಿಯ ವಾಲ್ ಟ್ರೋಂಪಿಯ ಕಣಿವೆಯ ಕೋವಿ ಕಮ್ಮಾರರು ಆ ಹೊತ್ತಿಗೆ ಹಳೆಯ ಅಮೆರಿಕನ್ ರಿವಾಲ್ವರುಗಳ ಪ್ರತಿಕೃತಿ ತಯಾರಿಸುತ್ತಿದ್ದರು. 1959ರಲ್ಲಿ ಶುರುವಾದ ಊಬೆರ್ತಿ ಕಾರ್ಖಾನೆ ಅಲ್ಲಿಯದೇ. ಹಾಗಾಗಿ ಕೌಬಾಯ್ ಕಥೆಯ ‘ವೆಸ್ಟರ್ನ್’ ಚಿತ್ರಗಳ ಎಷ್ಟೋ ಹಳೆಯ ಪಿಸ್ತೂಲುಗಳಿಗೆ ಚಿತ್ರದ ನಾಯಕನಿಗಿಂತ ಕಡಿಮೆ ವಯಸ್ಸು.

ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಂದಲೇ ಹೊರಡುತ್ತದೆ. ತೆರೆಯ ಮೇಲೆ ಯಾವ ಪಿಸ್ತೂಲು ಕಾಣಬೇಕೆಂಬುದನ್ನು ಇತಿಹಾಸಕ್ಕಿಂತ ಹೆಚ್ಚಾಗಿ ನಿರ್ಧರಿಸುತ್ತಿದ್ದದ್ದು ಖಾಲಿ ತೋಟಾ, ಅಂದರೆ ಗುಂಡಿಲ್ಲದೆ ಮದ್ದು ಮಾತ್ರ ಇರುವ ತೋಟಾ. ರಿವಾಲ್ವರಿನ ಉರುಳೆಯನ್ನು ತಿರುಗಿಸುವುದು ಬೆರಳಿನ ಬಲ. ಅದಕ್ಕೆ ಖಾಲಿ ತೋಟಾ ಆದರೂ ಒಂದೇ, ನಿಜವಾದ ತೋಟಾ ಆದರೂ ಒಂದೇ. ಸ್ವಯಂಚಾಲಿತ ಪಿಸ್ತೂಲಿನ ಕಥೆ ಬೇರೆ. ಹಾರಿದ ಗುಂಡಿನ ಹಿನ್ನೂಕಿನಿಂದಲೇ ಅದು ಮುಂದಿನ ತೋಟಾವನ್ನು ಎಳೆದುಕೊಳ್ಳುತ್ತದೆ. ಗುಂಡೇ ಇಲ್ಲದಿದ್ದರೆ ಒತ್ತಡ ಸಾಲದೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ನಳಿಗೆಯೊಳಗೆ ಕಿರುರಂಧ್ರದ ಅಡ್ಡಿಯೊಂದನ್ನು ಕೂರಿಸಿ ಹೊಗೆಯ ಒತ್ತಡವನ್ನು ಹಿಡಿದಿಡುತ್ತಾರೆ. ಅಷ್ಟಾದರೂ ಅಮೆರಿಕದ .45 ಕೋಲ್ಟ್ 1911 ಖಾಲಿ ತೋಟಾದೊಂದಿಗೆ ಹಟ ಮಾಡುತ್ತಿದ್ದುದರಿಂದ, ನೋಡಲು ಅದರಂತೆಯೇ ಇರುವ ಸ್ಪೇನಿನ 9 ಮಿ.ಮೀ. ‘ಸ್ಟಾರ್’ ಪಿಸ್ತೂಲನ್ನು ಹಾಲಿವುಡ್ ಅದರ ವೇಷದಲ್ಲಿ ತಂದು ನಿಲ್ಲಿಸಿತು. 1969ರ ‘ದಿ ವೈಲ್ಡ್ ಬಂಚ್’ನಲ್ಲಿ ಇರುವುದು ಅದೇ.

ಅಸಲಿ ಹಳೆಯ ಪಿಸ್ತೂಲುಗಳು ಬಳಕೆಯಾಗುವುದೇ ಇಲ್ಲವೆಂದಲ್ಲ. ಆದರೆ ಅವು ತಮ್ಮ ಪಾತ್ರವನ್ನು ತಾವೇ ಮಾಡುವುದು ಅಪರೂಪ. ಜರ್ಮನಿಯ ಮೌಸರ್ ಸಿ96 ಮಾದರಿಯ ಪಿಸ್ತೂಲು, ಪೊರಕೆಯ ಹಿಡಿಯಂಥ ಹಿಡಿಕೆಯದು, 1898ರಲ್ಲಿ ಸುಡಾನಿನ ಓಮ್‌ಡರ್ಮನ್ ಕದನದಲ್ಲಿ ತರುಣ ಚರ್ಚಿಲ್ ಕೈಯಲ್ಲಿತ್ತು. 1925ರ ಕಾಕೋರಿ ರೈಲು ಪ್ರಕರಣದ ಕ್ರಾಂತಿಕಾರಿಗಳ ಬಳಿಯೂ ಮೌಸರ್ ಪಿಸ್ತೂಲುಗಳಿದ್ದವು. ಅದೇ ಸಿ96 ಮಾದರಿಯ ಪಿಸ್ತೂಲು, ಲಂಡನ್ನಿನ ಬ್ಯಾಪ್ಟಿ ಎಂಬ ಆಯುಧ ಬಾಡಿಗೆ ಸಂಸ್ಥೆಯ ಕಪಾಟಿನಿಂದ ಇಳಿದು, ಮೇಲೊಂದು ದೂರದರ್ಶಕ, ಮೂತಿಗೊಂದು ಹಳೆಯ ಯುದ್ಧವಿಮಾನದ ಬಂದೂಕಿನ ತುಂಡು ಸಿಕ್ಕಿಸಿಕೊಂಡು, 1977ರ ‘ಸ್ಟಾರ್ ವಾರ್ಸ್’ನಲ್ಲಿ ಕಳ್ಳಸಾಗಣೆದಾರ ಹ್ಯಾನ್ ಸೋಲೋನ ಅಂತರಿಕ್ಷದ ಆಯುಧವಾಯಿತು. ಚಿತ್ರೀಕರಣ ಮುಗಿದ ಮೇಲೆ ಅದನ್ನು ಬಿಚ್ಚಿ ಮತ್ತೆ ಬಾಡಿಗೆಯ ಸಾಮಾನಿಗೆ ಸೇರಿಸಿದರು. ಹೀಗೆ ಉಳಿದು, ಬಿಡಿಭಾಗಗಳನ್ನು ಮರಳಿ ಜೋಡಿಸಿಕೊಂಡ ಒಂದು 2022ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರು ದಾಟಿತು. ಚರ್ಚಿಲ್ಲನ ಹೆಸರಿಗೂ ಕಾಕೋರಿಗೂ ಬಾರದ ಬೆಲೆ ಬಾಹ್ಯಾಕಾಶದ ಕಳ್ಳಸಾಗಣೆದಾರನಿಗೆ ಬಂದದ್ದು ನನಗೆ ಇಂದಿಗೂ ತಮಾಷೆಯಾಗಿ ಕಾಣುತ್ತದೆ.

ನಮ್ಮ ಸ್ವಾತಂತ್ರ್ಯ ಹೋರಾಟದ ಚಿತ್ರಗಳ ಬಗ್ಗೆ ಒಂದು ಮಾತು ಸೇರಿಸಬೇಕು. ಚಂದ್ರಶೇಖರ ಆಜಾದರ ಪಿಸ್ತೂಲು ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿದೆ; ಅದು .32 ಅಳತೆಯ ಕೋಲ್ಟ್ 1903. ಈ ಮಾದರಿಯ ವಿಶೇಷವೆಂದರೆ ಅದರ ಕುದುರೆ, ಅಂದರೆ ಹೊಡೆಯುವ ಹ್ಯಾಮರ್, ಒಳಗೆ ಅಡಗಿದೆ, ಹೊರಗೆ ಕಾಣಿಸದು. ಹಾಗಿರುವಾಗ ಆಜಾದರ ಪಾತ್ರಧಾರಿ ಹೆಬ್ಬೆರಳಿನಿಂದ ಕುದುರೆಯನ್ನು ‘ಟಕ್’ ಎಂದು ಹಿಂದಕ್ಕೆಳೆದರೆ, ಅವನ ಕೈಯಲ್ಲಿರುವುದು ಬೇರೆ ಪಿಸ್ತೂಲೆಂದೇ ತಿಳಿಯಬೇಕು. ಸರಿಯಾದ ಆಕಾರದ ರಬ್ಬರು ಪ್ರತಿಕೃತಿಗೆ ಹೆಚ್ಚೇನೂ ಖರ್ಚಾಗದು. ಬೆಂಕಿ, ಹೊಗೆಗಳನ್ನು ಕಂಪ್ಯೂಟರಿನಲ್ಲಿ ಸೇರಿಸಬಹುದು. ಖಾಲಿ ತೋಟಾದ ನೆಪ ಇಂದು ಉಳಿದಿಲ್ಲವಾದ್ದರಿಂದ, ತಾವು ಕಂಡ ಧಾರಾವಾಹಿಯ ವೆಬ್ಲಿಗೆ ನಾನು ಲಿಯೋನೆಗೆ ಕೊಟ್ಟಷ್ಟು ರಿಯಾಯಿತಿ ಕೊಡಲಾರೆ.

ಪ್ರತಿಕೃತಿಯೇ ಲೇಸೆನ್ನಲು ಇನ್ನೂ ದೊಡ್ಡ ಕಾರಣವಿದೆ. 1984ರಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್, ಧಾರಾವಾಹಿಯ ಚಿತ್ರೀಕರಣದ ಬಿಡುವಿನಲ್ಲಿ ಖಾಲಿ ತೋಟಾ ಇದ್ದ ರಿವಾಲ್ವರನ್ನು ಕಣತಲೆಗೆ ಹಿಡಿದು ತಮಾಷೆಗೆ ಒತ್ತಿದ. ಹೊಮ್ಮಿದ ಅನಿಲದ ಹೊಡೆತಕ್ಕೇ ತಲೆಬುರುಡೆ ಒಡೆದು ಸತ್ತ. 1993ರಲ್ಲಿ ನಟ ಬ್ರ್ಯಾಂಡನ್ ಲೀ ಚಿತ್ರೀಕರಣದಲ್ಲಿ ಸತ್ತದ್ದು, ಹತ್ತಿರದ ದೃಶ್ಯಕ್ಕೆಂದು ಮದ್ದು ತೆಗೆದು ಕೇಪನ್ನು ಹಾಗೇ ಬಿಟ್ಟಿದ್ದ ತೋಟಾದ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡು, ಆಮೇಲೆ ಹಾಕಿದ ಖಾಲಿ ತೋಟಾ ಅದನ್ನು ಹೊರದಬ್ಬಿದ್ದರಿಂದ. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ ‘ರಸ್ಟ್’ ಚಿತ್ರದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅವರಿಗೆ ತಗುಲಿದ್ದು ಹಳೆಯ ಕೋಲ್ಟಿನ ಇಟಾಲಿಯನ್ ಪ್ರತಿಕೃತಿಯಿಂದ ಹಾರಿದ ನಿಜವಾದ ಗುಂಡು. ಗುಂಡು ಹಾರಿಸಬಲ್ಲ ಪ್ರತಿಕೃತಿಯೂ ಬಂದೂಕೇ ಎಂಬುದನ್ನು ಇಲ್ಲಿ ಗಮನಿಸಬೇಕು; ನಾನು ಮೆಚ್ಚುವುದು ರಬ್ಬರಿನದನ್ನೂ ಮರದ್ದನ್ನೂ ಮಾತ್ರ.

ಇನ್ನು ತಮ್ಮ ಅಜ್ಜನ ಪಿಸ್ತೂಲು. ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂಥ ಹಳೆಯ ಆಯುಧಗಳಿಗೆ 1959ರ ಆಯುಧ ಕಾಯಿದೆಯ 45ನೇ ಕಲಮು ವಿನಾಯಿತಿ ಕೊಡುತ್ತದೆ. ಕೇವಲ ಹಳೆಯದಾಗಿದೆ, ತುಕ್ಕು ಹಿಡಿದಿದೆ ಎಂಬುದು ಸಾಲದು. ಕೇಪಿನ ಪಿಸ್ತೂಲನ್ನು ಒಬ್ಬ ಒಳ್ಳೆಯ ಕಮ್ಮಾರ ಮತ್ತೆ ಹಾರುವಂತೆ ಮಾಡಿಯಾನು. ಅದರ ಸ್ಥಿತಿಯನ್ನು ತಾವೇ ತೀರ್ಮಾನಿಸಲು ಹೋಗದೆ, ನಳಿಗೆಯಲ್ಲಿ ಹಳೆಯ ಈಡು ಉಳಿದಿರಬಹುದಾದ್ದರಿಂದ ಅದನ್ನು ಬಿಚ್ಚಲೂ ಹೋಗದೆ, ಮೊದಲು ಠಾಣೆಗೆ ತಿಳಿಸಿ, ಪರವಾನಗಿಯ ವಿಷಯವನ್ನು ಲಿಖಿತವಾಗಿ ಇತ್ಯರ್ಥ ಮಾಡಿಕೊಳ್ಳಿ. ನಾಟಕ ತಂಡಕ್ಕೆ ಅದರ ಒಂದು ಫೋಟೋ ಕೊಟ್ಟರೆ ಸಾಕು. ಬಡಗಿಯೊಬ್ಬ ಅದನ್ನು ನೋಡಿ ಸಾಗುವಾನಿಯಲ್ಲಿ ಕೆತ್ತಿ, ನಳಿಗೆಗೆ ಕಪ್ಪು ಬಣ್ಣ ಬಳಿದು ಕೊಟ್ಟರೆ ಮೂರನೆಯ ಸಾಲಿನಲ್ಲಿ ಕುಳಿತವರಿಗೂ ವ್ಯತ್ಯಾಸ ತಿಳಿಯದು. ಸದ್ದಿಗೆ ಪರದೆಯ ಹಿಂದೆ ಯಾರಾದರೂ ಹಲಗೆಯೊಂದನ್ನು ನೆಲಕ್ಕೆ ಬಡಿದರಾಯಿತು.

— ಸಂಪಾದಕ