ಮಾತಾಡಿದ್ದಕ್ಕಿಂತ ಜಾಸ್ತಿ ಮರ ಕೆಲಸ ಮಾಡಿಸಿ ಆಮೇಲೆ ದುಡ್ಡು ಕೊಡದಿದ್ದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕಾಸರಗೋಡಿನ ಬದಿಯಡ್ಕ ಹತ್ತಿರದ ಒಂದು ಮನೆಯಲ್ಲಿ ಹಲಸಿನ ಮರ ತೆಗೆಯಲು 12,000 ರೂಪಾಯಿಗೆ ಒಪ್ಪಿದ್ದಿರಿ. ಕೆಲಸದ ನಡುವೆ ಮನೆಯವರು ಹಂಚಿನ ಮೇಲೆ ಬಾಗಿದ್ದ ಮಾವಿನ ಗೆಲ್ಲುಗಳನ್ನೂ ಕಡಿಸಿದರು. ಹಲಸು ಒಳಗೆ ಪೊಳ್ಳಾಗಿದ್ದರಿಂದ ಒಂದು ದಿನ ಜಾಸ್ತಿ ಹಿಡಿಯಿತು. ಈಗ ಎರಡಕ್ಕೂ ಸೇರಿ 5,000 ಕೇಳಿದರೆ "ಮಾತಾಡಿದ್ದು ಹನ್ನೆರಡೇ ಅಲ್ವಾ" ಅನ್ನುತ್ತಿದ್ದಾರೆ.

ನಾನು ಮುಳ್ಳೇರಿಯಾ ಕಡೆ ಇದೇ ಕೆಲಸ ಮಾಡುತ್ತೇನೆ. ಮೊದಲು ಆ 5,000ವನ್ನು ಎರಡು ಭಾಗ ಮಾಡಿ. ಒಟ್ಟಿಗೆ ಕೇಳಿದರೆ ಎರಡೂ ಹೋಗುತ್ತದೆ. ಮಾವಿನ ಗೆಲ್ಲು ಮನೆಯವರು ಕೇಳಿ ಮಾಡಿಸಿದ ಹೊಸ ಕೆಲಸ. ಪೊಳ್ಳು ಹಲಸು ನೀವು ಮೊದಲೇ ಒಪ್ಪಿದ ಮರದ ಒಳಗಿನ ಕಷ್ಟ. ಮೊದಲನೆಯದರ ದುಡ್ಡು ನಿಮ್ಮ ಹಕ್ಕು, ಅದನ್ನು ಬಿಡಬೇಡಿ. ಎರಡನೆಯದನ್ನು ಪೊಳ್ಳು ಕಂಡ ಕೂಡಲೇ ಹೇಳಿದ್ದರೆ ಕೇಳಬಹುದು, ಕೆಲಸ ಮುಗಿದ ಮೇಲೆ ಹೇಳಿದ್ದರೆ ಮನೆಯವರ ಒಳ್ಳೆಯತನದ ಮೇಲೆ ನಿಂತಿದೆ, ಅಷ್ಟೇ.

ಕಾನೂನಿನಲ್ಲೂ ಹೀಗೇ ಇದೆ. 1872ರ ಕರಾರು ಕಾಯಿದೆಯ 70ನೇ ಸೆಕ್ಷನ್ ಪ್ರಕಾರ, ಪುಕ್ಕಟೆ ಮಾಡುವ ಉದ್ದೇಶ ಇಲ್ಲದೆ ಒಬ್ಬರಿಗೆ ನ್ಯಾಯವಾಗಿ ಕೆಲಸ ಮಾಡಿಕೊಟ್ಟು, ಅದರ ಲಾಭ ಅವರು ಪಡೆದಿದ್ದರೆ, ಅದಕ್ಕೆ ತಕ್ಕ ಹಣ ಕೊಡಬೇಕು. ಬರಹದಲ್ಲಿ ಏನೂ ಇಲ್ಲದಿದ್ದರೂ ಇದು ನಡೆಯುತ್ತದೆ. ಆದರೆ ಮೊತ್ತ ಹೇಳಿ ಒಪ್ಪಿಕೊಂಡ ಕೆಲಸಕ್ಕೆ ಈ ಸೆಕ್ಷನ್ ಬರುವುದಿಲ್ಲ. ಅಂದರೆ ಮಾವು ಅದರ ಕೆಳಗೆ ಬರುತ್ತದೆ, ಹಲಸು ಬರುವುದಿಲ್ಲ.

ಪೊಳ್ಳು ಮರದಲ್ಲಿ ಯಾಕೆ ಹೊತ್ತು ಹೋಗುತ್ತದೆ ಅಂತ ಮನೆಯವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಹತ್ತುವವನು ಆ ಮರಕ್ಕೇ ಹಗ್ಗ ಕಟ್ಟುವ ಹಾಗಿಲ್ಲ, ಪಕ್ಕದ ಮರದಿಂದ ಹಗ್ಗ ಎಳೆಯಬೇಕು ಇಲ್ಲವೇ ಕ್ರೇನ್ ತರಿಸಬೇಕು, ದೊಡ್ಡ ತುಂಡು ಒಟ್ಟಿಗೆ ಬಿಡಲಾಗದೆ ಸಣ್ಣ ಸಣ್ಣದಾಗಿ ಕಟ್ಟಿ ಇಳಿಸಬೇಕು, ಕೆಳಗೆ ಹಂಚಿನ ಮಾಡು ಇದ್ದರಂತೂ ಇನ್ನೂ ನಿಧಾನ. ಇದನ್ನು ಸಿಟ್ಟಿಲ್ಲದೆ ವಿವರಿಸಿ. ಕಡಿದ ತುಂಡು ಇನ್ನೂ ಅಂಗಳದಲ್ಲಿದ್ದರೆ ಆ ಪೊಳ್ಳನ್ನು ತೋರಿಸಿ, ಒಂದು ಫೋಟೋ ತೆಗೆಯಿರಿ. ಕಣ್ಣಿಂದ ನೋಡಿದ ಮೇಲೆ ಅರ್ಧವಾದರೂ ಕೊಡುವವರು ಇದ್ದಾರೆ. ಆ ಅರ್ಧಕ್ಕೆ ಒಪ್ಪಿಕೊಳ್ಳಿ ಅಂತ ನನ್ನ ಸಲಹೆ. ಮಾವಿನದ್ದರಲ್ಲಿ ಮಾತ್ರ ಕಡಿಮೆ ಮಾಡಬೇಡಿ.

ಇನ್ನೊಂದು ವಿಷಯ, ನಮ್ಮ ಕಾಸರಗೋಡಿನಲ್ಲಿ ಇದು ಜಾಸ್ತಿ. ದುಡ್ಡು ಕೊಡುವ ಮಗ ಗಲ್ಫಿನಲ್ಲಿ, ಕೆಲಸ ಹೇಳುವ ಅಪ್ಪ ಅಂಗಳದಲ್ಲಿ. ಅಪ್ಪ "ಆ ಕಡೆಯದ್ದೂ ಒಂದು ಸವರಿ ಬಿಡಿ ಮಾರಾಯ್ರೆ" ಅಂದದ್ದು ಮಗನಿಗೆ ಗೊತ್ತೇ ಇರುವುದಿಲ್ಲ. ಅವನ ಲೆಕ್ಕದಲ್ಲಿ ನೀವು ಸುಮ್ನೆ ಬಿಲ್ ಏರಿಸಿದವರು. ನಿಮ್ಮ ವಿಷಯದಲ್ಲೂ ಹೀಗೇ ಆಗಿದ್ದರೆ ಜಗಳಕ್ಕೆ ಹೋಗುವ ಮೊದಲು ಮಗನಿಗೆ ನೇರವಾಗಿ ಬರೆಯಿರಿ: ಯಾವ ದಿನ, ಯಾರು ಹೇಳಿದ್ದು, ಯಾವ ಮರ, ಎಷ್ಟು ಗೆಲ್ಲು, ಎಷ್ಟು ರೂಪಾಯಿ. ಫೋಟೋ ಜೊತೆಗೆ. ಅಪ್ಪನ ಮೇಲೆ ದೂರು ಹೇಳುವ ಧಾಟಿ ಬೇಡ, ಅಲ್ಲಿಗೆ ಮಾತೇ ಮುರಿಯುತ್ತದೆ. ಎಷ್ಟೋ ಜನ ಇಷ್ಟರಲ್ಲೇ ಕಳುಹಿಸಿಬಿಡುತ್ತಾರೆ.

ಮುಂದಿನ ಕೆಲಸಕ್ಕೆ ಒಂದೇ ಒಂದು ನಿಯಮ ಹಾಕಿಕೊಳ್ಳಿ, ಇದನ್ನು ತುಂಬಾ ಒತ್ತಿ ಹೇಳುತ್ತೇನೆ. ಜಾಸ್ತಿ ಕೆಲಸದ ರೇಟು, ಆ ಕೆಲಸಕ್ಕೆ ಕತ್ತಿ ತಾಗುವ ಮೊದಲೇ ಹೇಳಬೇಕು. ಮರದ ಮೇಲೆ ಇರುವವನು ಕೆಳಗಿನವರ ಮಾತಿಗೆ "ಆಯ್ತು" ಅನ್ನಬಾರದು. ಮೆಷಿನ್ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ಒಂದು, ಇವರು ಹೇಳಿದ್ದು ಇನ್ನೊಂದು, ಮತ್ತೆ ಅವನ ಗಮನ ತಪ್ಪಿದರೆ ಜೀವಕ್ಕೇ ಅಪಾಯ. ಕೆಳಗೆ ಇರುವ ಒಬ್ಬನೇ ಮಾತಾಡಲಿ. "ಅದಕ್ಕೆ 1,500 ಆಗುತ್ತದೆ, ಮಾಡಲಾ?" ಅಂತ ಕೇಳಿ, ಅಲ್ಲೇ ನಿಂತು ದುಡ್ಡು ಕೊಡುವವರಿಗೆ ಒಂದು ವಾಟ್ಸಾಪ್ ಹಾಕಿ, ಉತ್ತರ ಬಂದ ಮೇಲೆ ಹಗ್ಗ ಕಟ್ಟಿ. ಸಣ್ಣದೊಂದು ಗೆಲ್ಲು, ಎರಡು ನಿಮಿಷದ್ದು ಅಂದರೆ ಪುಕ್ಕಟೆ ಮಾಡಿಕೊಡಿ, ಆದರೆ "ಇದಕ್ಕೆ ಏನೂ ಬೇಡ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮುಂದಿನ ದೊಡ್ಡ ಗೆಲ್ಲೂ ಪುಕ್ಕಟೆ ಅಂದುಕೊಳ್ಳುತ್ತಾರೆ.

ರೇಟು ಹೇಳುವ ಮೊದಲು ಮರದ ಸುತ್ತ ಒಮ್ಮೆ ನಡೆಯಿರಿ. ಬುಡದಲ್ಲಿ ಅಣಬೆ ಇದೆಯಾ, ಗೆಲ್ಲು ಮುರಿದ ಜಾಗದಲ್ಲಿ ತೂತು ಇದೆಯಾ, ಕತ್ತಿಯ ಹಿಂಬದಿಯಿಂದ ತಟ್ಟಿದರೆ ಸದ್ದು ಹೇಗಿದೆ. ಅನುಮಾನ ಇದ್ದರೆ "ಪೊಳ್ಳು ಕಂಡರೆ ಇಷ್ಟು ಜಾಸ್ತಿ" ಅಂತ ಆಗಲೇ ಹೇಳಿ. ಹೆಜ್ಜೇನು, ಕಣಜದ ಗೂಡು, ಕಾಂಡದೊಳಗೆ ಹಳೇ ಮೊಳೆ ಇವಕ್ಕೂ ಹಾಗೇ. ಗೆಲ್ಲು ಸೊಪ್ಪು ಎಲ್ಲಿ ರಾಶಿ ಹಾಕಬೇಕು, ಸೌದೆ ತುಂಡು ಮಾಡಿಕೊಡಬೇಕಾ, ಬುಡ ಎಷ್ಟು ಎತ್ತರಕ್ಕೆ ಬಿಡುವುದು, ಮರ ಯಾರಿಗೆ, ಇವನ್ನೆಲ್ಲ ನಾಲ್ಕು ಸಾಲಲ್ಲಿ ಬರೆದು ಕಳುಹಿಸಿ. ಕರೆಂಟು ಲೈನ್ ಹತ್ತಿರ ಇದ್ದರೆ ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯವರು ಲೈನ್ ಆಫ್ ಮಾಡುವ ತನಕ ಕಾಯಬೇಕು. ಆ ಕಾಯುವ ಹೊತ್ತಿನ ಸಂಬಳ ಯಾರದ್ದು ಅಂತಲೂ ಬರೆಯಿರಿ, ಮಳೆಗಾಲದ ಮೊದಲಿನ ಗಡಿಬಿಡಿಯಲ್ಲಿ ಇದರದ್ದೇ ತಕರಾರು. ಪಕ್ಕದವರ ಜಾಗದ ಮರ ಆದರೆ ಅವರ ಒಪ್ಪಿಗೆ ಬೇಕು. ಶ್ರೀಗಂಧವನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟಲೇಬೇಡಿ, ಕಾನೂನಿಗೆ ವಿರುದ್ಧವಾದ ಕೆಲಸದ ಕೂಲಿಯನ್ನು ಯಾವ ಕೋರ್ಟಿನಲ್ಲೂ ಕೇಳಲು ಆಗುವುದಿಲ್ಲ.

ಈಗ ನಿಮ್ಮ ದುಡ್ಡಿಗೆ ಬರೋಣ. ಬದಲಿಗೆ ಅವರ ಮರದ ದಿಮ್ಮಿ ಪಿಕಪ್‌ಗೆ ಹೇರಿಕೊಂಡು ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ನಿಮ್ಮ ಮೇಲೇ ಕಳ್ಳತನದ ದೂರಾಗಬಹುದು. ರಾತ್ರಿ ಫೋನ್ ಮಾಡಿ ಬೈಯುವುದೂ ಬೇಡ. ಒಪ್ಪಿದ 12,000 ಬಂದಿದ್ದರೆ "ಬಂತು" ಅಂತ ಬರೆದು, ಮಾವಿನ ಬಾಕಿ ಬೇರೆ ತೋರಿಸಿ, ಒಂದು ದಿನಾಂಕ ಕೊಡಿ. ಆ ಊರಲ್ಲಿ ಇಬ್ಬರಿಗೂ ಬೇಕಾದವರು ಯಾರಾದರೂ ಇದ್ದರೆ, ವಾರ್ಡ್ ಮೆಂಬರ್ ಆದರೂ ಸರಿ, ಅವರನ್ನು ಕೂರಿಸಿ ಮಾತಾಡಿ.

ಆಗದಿದ್ದರೆ ಕಾಸರಗೋಡು ವಿದ್ಯಾನಗರದ ಕೋರ್ಟು ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಕೇಸು ಹಾಕುವ ಮೊದಲೇ ಅಲ್ಲಿ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಕೋರ್ಟು ಫೀಸು ಇಲ್ಲ. ಅವರು ಎದುರಿನವರನ್ನೂ ಕರೆಸುತ್ತಾರೆ. ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ, ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಅದಕ್ಕೆ ಸಿವಿಲ್ ಕೋರ್ಟಿನ ತೀರ್ಪಿನಷ್ಟೇ ಬಲ, ಅಪೀಲು ಇಲ್ಲ. ಅಲ್ಲೂ ಆಗದಿದ್ದರೆ ದಾವೆ ಹಾಕಲು ಕೆಲಸ ಮುಗಿದ ದಿನದಿಂದ 3 ವರ್ಷ ಸಮಯ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿಯವರೆಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಆದರೂ ವಾಟ್ಸಾಪ್ ಮಾತು, ವಾಯ್ಸ್ ಮೆಸೇಜ್, ಫೋಟೋ ಯಾವುದನ್ನೂ ಫೋನಿನಿಂದ ಅಳಿಸಬೇಡಿ. ಮೊದಲು ಇವತ್ತೇ ಆ ಮಾವಿನ ಮರದ ಬಳಿ ಹೋಗಿ, ಕಡಿದ ಗೆಲ್ಲುಗಳ ಗಾಯ ಇನ್ನೂ ಹಸಿ ಇರುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.