ಕಾಫಿಗೆ ಜಗ್ಗದ ಇಲಿ

ಪ್ರಶ್ನೆ: ರಾತ್ರಿ ಊಟದ ನಂತರ ಒಂದು ಲೋಟ ಬೆಲ್ಲದ ಕಾಫಿ ಕುಡಿದರೂ ನನಗೆ ಗಾಢ ನಿದ್ದೆ. ನನ್ನ ಹೆಂಡತಿ ಸಂಜೆ ಕುಡಿದರೆ ಸಾಕು, ನಡುರಾತ್ರಿಯವರೆಗೆ ಹೊರಳಾಡುತ್ತಾಳೆ. ಒಂದು ಜೀನ್ ತೆಗೆದ ಇಲಿಗಳಿಗೆ ಕಾಫಿಯಿಂದ ಏನೂ ಆಗುವುದಿಲ್ಲ ಎನ್ನುತ್ತಾಳೆ ಕಾಲೇಜಿಗೆ ಹೋಗುವ ಮಗಳು. ನಿಜವೇ? ನನಗೂ ಆ ಜೀನ್ ಇಲ್ಲವೇ?
– ಕಾಫಿ ಬೆಳೆಗಾರರು, ಗೋಣಿಕೊಪ್ಪಲು

ಉತ್ತರ: ನಿದ್ದೆಯ ಮಟ್ಟಿಗೆ ಮಗಳ ಮಾತು ನಿಜ. ಆದರೆ ನಿಮ್ಮ ನಿದ್ದೆಗೆ ಅದು ಕಾರಣವಲ್ಲ.

ನಾವು ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತ ಹೋಗುತ್ತದೆ. ಅದು ನರಕೋಶದ ಗ್ರಾಹಿಗಳ ಮೇಲೆ ಕುಳಿತಾಗ ತೂಕಡಿಕೆ ಶುರು. ಕಾಫಿಯಲ್ಲಿರುವ ಕೆಫೀನ್ ಮಾಡುವುದು ಬಸ್ಸಿನ ಸೀಟಿಗೆ ಟವೆಲ್ ಹಾಕುವ ಕೆಲಸ: ತಾನೂ ಉಪಯೋಗಿಸುವುದಿಲ್ಲ, ಅಡೆನೊಸಿನ್‌ಗೂ ಬಿಡುವುದಿಲ್ಲ. ಆದರೆ ಗ್ರಾಹಿಗಳಲ್ಲಿ ಎ1, ಎ2ಎ ಎಂದು ಬೇರೆ ಬೇರೆ ಬಗೆಗಳಿವೆ. ನಿದ್ದೆ ಕೆಡಿಸುವಾಗ ಕೆಫೀನ್ ಹಿಡಿಯುವ ಸೀಟು ಯಾವುದು?

ಇದಕ್ಕೆ ಉತ್ತರ ಸಿಕ್ಕಿದ್ದು 2005ರಲ್ಲಿ. ಜೀನ್ ತೆಗೆದಿದ್ದರಿಂದ ಎ1 ಗ್ರಾಹಿ ಇಲ್ಲದ ಇಲಿಗಳು, ಹಾಗೆಯೇ ಎ2ಎ ಇಲ್ಲದ ಇಲಿಗಳು, ಸಾಮಾನ್ಯ ಇಲಿಗಳು, ಎಲ್ಲಕ್ಕೂ ವಿಜ್ಞಾನಿಗಳು ಕೆಫೀನ್ ಕೊಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಇಲಿ ನಿಶಾಚರಿಯಾದ್ದರಿಂದ ಅದರ ನಿದ್ದೆಯ ಹೊತ್ತು ಹಗಲು. ಸಾಮಾನ್ಯ ಇಲಿಗಳೂ ಎ1 ಇಲ್ಲದವೂ ಎಚ್ಚರಗೊಂಡವು. ಎ2ಎ ಇಲ್ಲದವು ಮಾತ್ರ ಏನೂ ಆಗದಂತೆ ನಿದ್ದೆ ಮುಂದುವರಿಸಿದವು.

ಹಾಗೆಂದು ಈ ಇಲಿಗಳನ್ನು ಪುಣ್ಯವಂತರೆಂದು ಭಾವಿಸಬೇಡಿ. 1997ರಲ್ಲಿ ವರದಿಯಾದ ಎ2ಎ ರಹಿತ ಇಲಿಗಳಲ್ಲಿ ರಕ್ತದೊತ್ತಡ ಹೆಚ್ಚಿತ್ತು, ಅಂಜಿಕೆ ಹೆಚ್ಚಿತ್ತು, ನೋವಿಗೆ ಪ್ರತಿಕ್ರಿಯೆ ನಿಧಾನವಾಗಿತ್ತು, ಗಂಡು ಇಲಿಗಳು ಜಗಳಗಂಟಿಗಳಾಗಿದ್ದವು. ಸಾಮಾನ್ಯ ಇಲಿಯನ್ನು ಚುರುಕಾಗಿ ಓಡಾಡಿಸುವ ಕೆಫೀನ್ ಇವುಗಳ ಓಡಾಟವನ್ನೇ ತಗ್ಗಿಸಿತು! ಒಂದು ಜೀನ್ ತೆಗೆದರೆ ಒಂದೇ ಗುಣ ಬದಲಾಗುತ್ತದೆ ಎಂಬ ನಂಬಿಕೆ ಇಲ್ಲಿಗೇ ಮುಗಿಯಿತು. ಭ್ರೂಣದಿಂದಲೇ ಆ ಜೀನ್ ಇಲ್ಲದೆ ಬೆಳೆದ ಮಿದುಳು ಬೇರೆ ದಾರಿಗಳನ್ನು ಹುಡುಕಿಕೊಂಡಿರುವ ಸಾಧ್ಯತೆಯೂ ಇರುತ್ತದೆ.

ಇನ್ನೊಂದು ತೊಡಕೂ ಇದೆ. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಮೂರು ಪ್ರಯೋಗಾಲಯಗಳು ಒಂದೇ ತಳಿಗಳ ಇಲಿಗಳನ್ನು, ಒಂದೇ ಬಗೆಯ ಉಪಕರಣಗಳಲ್ಲಿ ಪರೀಕ್ಷಿಸಿದವು. ಆದರೂ ಕೆಲವು ವರ್ತನೆಗಳ ಫಲಿತಾಂಶ ಊರಿಂದ ಊರಿಗೆ ಬೇರೆಯಾಯಿತು. ‘ಈ ಜೀನ್‌ಗೆ ಈ ನಡತೆ’ ಎಂಬ ಪತ್ರಿಕಾ ತಲೆಬರಹ ಕಂಡಾಗಲೆಲ್ಲ ನನಗೆ ಅನುಮಾನ ಹುಟ್ಟುವುದು ಇದಕ್ಕೇ.

ಇನ್ನು ನಿಮ್ಮ ಮನೆಯ ವಿಷಯ. ಮನುಷ್ಯರಲ್ಲಿ ಎ2ಎ ಜೀನ್ ಇಲ್ಲದಿರುವುದಲ್ಲ, ಅದರಲ್ಲಿರುವ ಸಣ್ಣ ವ್ಯತ್ಯಾಸಗಳು ಕೆಫೀನ್ ಸೂಕ್ಷ್ಮತೆಗೆ ಸಂಬಂಧಿಸಿವೆ. ಯಕೃತ್ತಿನ ಒಂದು ಕಿಣ್ವ ಕೆಫೀನನ್ನು ಎಷ್ಟು ಬೇಗ ಒಡೆಯುತ್ತದೆ ಎಂಬುದೂ ಮುಖ್ಯ. ಸಾಮಾನ್ಯವಾಗಿ ಅರ್ಧ ಭಾಗ ಖಾಲಿಯಾಗಲು ಸುಮಾರು 5 ಗಂಟೆ ಬೇಕು. ಧೂಮಪಾನಿಗಳಲ್ಲಿ ಬೇಗ, ಗರ್ಭಿಣಿಯರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ನಿಧಾನ. ನಿಮಗಂತೂ ಅಭ್ಯಾಸಬಲವೂ ಸೇರಿರಬಹುದು. ನಿದ್ದೆ ಬಂದ ಮಾತ್ರಕ್ಕೆ ಕೆಫೀನ್ ಸುಮ್ಮನಿದೆ ಎಂದಲ್ಲ. ಗಾಢ ನಿದ್ದೆಯ ಪಾಲನ್ನು ಅದು ಸದ್ದಿಲ್ಲದೆ ಕಡಿಮೆ ಮಾಡುತ್ತದೆ.

ಜೀನ್ ಪರೀಕ್ಷೆಗೆ ಹಣ ಸುರಿಯುವ ಮೊದಲು ಮನೆಯ ಪುಡಿ ಯಾವುದೆಂದು ನೋಡಿ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ನಿಮ್ಮದು ರೊಬಸ್ಟಾ ತೋಟವಾಗಿದ್ದರೆ, ಹೆಂಡತಿಯ ಸಂಜೆಯ ಲೋಟಕ್ಕೆ ಮಾತ್ರ ಅರೇಬಿಕಾ ಪುಡಿ ತಂದು, ಕೆಫೀನ್ ಇಲ್ಲದ ಚಿಕೋರಿಯನ್ನು ತುಸು ಧಾರಾಳವಾಗಿ ಬೆರೆಸಿ, ಮಧ್ಯಾಹ್ನ ಮೂರರೊಳಗೆ ಕೊಟ್ಟು ನೋಡಿ.