ಜನವರಿಯಲ್ಲಿ ಪ್ಲಿಟ್ವಿಟ್ಸೆ: ಕೆಳಗಿನ ಸರೋವರಗಳಷ್ಟೇ ತೆರೆದಿದ್ದರೆ

ಕ್ರೊಯೇಷಿಯಾದ ಪ್ಲಿಟ್ವಿಟ್ಸೆ ಸರೋವರಗಳ ರಾಷ್ಟ್ರೀಯ ಉದ್ಯಾನಕ್ಕೆ ಜನವರಿಯ ಟಿಕೆಟ್ ನೋಡುವಾಗ ಕೆಳಗಿನ ಸರೋವರಗಳು ಮಾತ್ರ ಕಾಣುತ್ತಿವೆ, ಹಾಗಿದ್ದರೂ ರಾಜಧಾನಿ ಝಾಗ್ರೆಬ್‌ನಿಂದ ಹೋಗಬಹುದೇ ಎಂದು ಕೇಳಿದ್ದೀರಿ. ಹಿಮ ಬಿದ್ದಾಗ ಮೇಲಿನ ಸರೋವರಗಳ ಮಾರ್ಗವನ್ನು ಸುರಕ್ಷತೆಗಾಗಿ ಮುಚ್ಚುವುದೇ ಇದಕ್ಕೆ ಕಾರಣವಿರಬೇಕು; ಬುಕಿಂಗ್‌ನಲ್ಲಿ ದೋಷವಿರಲಾರದು. ಖಂಡಿತ ಹೋಗಿ, ಏಕೆಂದರೆ 78 ಮೀಟರ್ ಎತ್ತರದ ವೆಲಿಕಿ ಸ್ಲಾಪ್ ಜಲಪಾತ ಇರುವುದು ಕೆಳಗಿನ ಭಾಗದಲ್ಲೇ.

ಮೊದಲು, ಹೊರಡುವ ಹಿಂದಿನ ಸಂಜೆ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಯಾವ ಮಾರ್ಗಗಳು ತೆರೆದಿವೆ ಎಂದು ನೋಡಿಕೊಳ್ಳಿ. ಹಿಮಪಾತವಾದರೆ ಅದು ರಾತ್ರೋರಾತ್ರಿ ಬದಲಾಗುತ್ತದೆ, ದೋಣಿಯ ಸಂಚಾರವೂ ಹವಾಮಾನವನ್ನೇ ಅವಲಂಬಿಸಿದೆ. ಬೆಳಗಿನ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ತಲುಪುತ್ತೀರಿ. ಒಂದನೇ ಪ್ರವೇಶದ್ವಾರದಲ್ಲೇ ಇಳಿಯಿರಿ. ಒಳಗೆ ಹೋದ ಸ್ವಲ್ಪದರಲ್ಲೇ ಇಡೀ ಕಣಿವೆ ಮೇಲಿನಿಂದ ಕಾಣುತ್ತದೆ, ಚಳಿ ತೀವ್ರವಾಗಿದ್ದರೆ ಜಲಪಾತದ ಅಂಚುಗಳಲ್ಲಿ ನೀರು ಹೆಪ್ಪುಗಟ್ಟಿ ಜಡೆಗಳಂತೆ ಇಳಿಬಿದ್ದಿರುತ್ತದೆ.

ಅಲ್ಲಿಂದ ಇಳಿಯುವಾಗ ಬಹಳ ಎಚ್ಚರವಿರಲಿ. ನೀರಿನ ಮೇಲೆ ಹಾಸಿದ ಮರದ ದಾರಿಗೆ ಬಹುಪಾಲು ಕಡೆ ಹಿಡಿದುಕೊಳ್ಳಲು ಕಂಬಿಯಿಲ್ಲ, ಸೀಳಿದ ದಿಮ್ಮಿಗಳ ಮೇಲೆ ತುಂತುರು ಬಿದ್ದು ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಕಟ್ಟಿರುತ್ತದೆ. ಆದ್ದರಿಂದ ಬೂಟಿಗೆ ಸಿಕ್ಕಿಸುವ ಮುಳ್ಳುಪಟ್ಟಿಯನ್ನು ಝಾಗ್ರೆಬ್‌ನಲ್ಲೇ ಕೊಂಡುಕೊಳ್ಳಿ. ದಾರಿ ಜಾರುತ್ತದೆಂದು ಪಕ್ಕದ ಬಂಡೆಗೆ ಮಾತ್ರ ಕಾಲಿಡಬೇಡಿ, ಪಾಚಿಯ ಮೇಲೆ ಸುಣ್ಣದಂಶ ಕೂತು ನಿಧಾನವಾಗಿ ಬೆಳೆದ ಆ ತಡೆಗಳೇ ಈ ಸರೋವರಗಳನ್ನು ಹಿಡಿದಿಟ್ಟಿವೆ, ಅವು ತುಳಿತಕ್ಕೆ ಸುಲಭವಾಗಿ ಒಡೆಯುತ್ತವೆ.

ಜನವರಿಯಲ್ಲಿ ನಾಲ್ಕೂವರೆಯ ಆಸುಪಾಸಿಗೆ ಸೂರ್ಯ ಮುಳುಗುವುದರಿಂದಲೂ ಚಳಿಗಾಲದಲ್ಲಿ ಬಸ್ಸುಗಳು ಕಡಿಮೆಯಿರುವುದರಿಂದಲೂ ಮರಳುವ ಬಸ್ಸಿನ ಟಿಕೆಟನ್ನು ಹೋಗುವ ಮೊದಲೇ ಕಾಯ್ದಿರಿಸಿ, ಅದು ಯಾವ ದ್ವಾರದ ಬಳಿ ನಿಲ್ಲುತ್ತದೆಂಬುದನ್ನು ಟಿಕೆಟಿನಲ್ಲೇ ಖಚಿತಪಡಿಸಿಕೊಳ್ಳಿ.